‘ಚೆನ್ನಾಗಿತ್ತು’ ಎಂಬ ಮಾತಿನ ತೂಕ

ಮದುವೆ ಮನೆಯ ಊಟ ಮುಗಿಸಿ ಕೈ ತೊಳೆದು ಬರುವವರನ್ನು ಹುಡುಗಿಯ ತಂದೆ ಬಾಗಿಲಲ್ಲಿ ನಿಲ್ಲಿಸಿ, ‘ಊಟ ಹೇಗಿತ್ತು?’ ಎಂದು ವಿಚಾರಿಸುತ್ತಾರೆ. ಸಾರಿಗೆ ಉಪ್ಪು ಸಾಲದಾಗಿತ್ತು, ಪಲ್ಯ ಎರಡನೇ ಸುತ್ತು ಬರಲೇ ಇಲ್ಲ, ಹೋಳಿಗೆ ಎಲೆಗೆ ಬಿದ್ದಾಗ ತುಪ್ಪ ಬಡಿಸುವವನು ಪಂಕ್ತಿಯ ಆ ತುದಿಯಲ್ಲಿದ್ದ. ಆದರೂ ಎಲ್ಲರ ಬಾಯಲ್ಲೂ ಒಂದೇ ಉತ್ತರ: ‘ಬಹಳ ಚೆನ್ನಾಗಿತ್ತು.’ ಹಾಗೆಂದವರನ್ನು ಸುಳ್ಳುಗಾರರೆನ್ನಲಾಗದು. ಬಾಗಿಲಲ್ಲಿ ನಿಂತವರು ಕೇಳಿದ್ದು ಉಪ್ಪಿನ ಲೆಕ್ಕವನ್ನಲ್ಲ, ‘ನಮ್ಮ ಮನೆಯ ಕಾರ್ಯ ಸುಸೂತ್ರವಾಗಿ ನಡೆಯಿತು ತಾನೆ?’ ಎಂಬುದನ್ನು. ಆ ಪ್ರಶ್ನೆಗೆ ಸಿಕ್ಕ ಉತ್ತರ ಸರಿಯಾಗಿಯೇ ಇದೆ. ಉಪ್ಪಿನ ಸುದ್ದಿ ಹೊರಬೀಳುವುದು ಊರಿಗೆ ಮರಳುವ ಬಸ್ಸಿನಲ್ಲಿ. ಇನ್ನು ಎಲೆ ಎತ್ತುವವರಿಗೆ ಯಾರನ್ನೂ ಕೇಳದೆಯೇ ಗೊತ್ತಿರುತ್ತದೆ, ಯಾವ ಪದಾರ್ಥ ಎಷ್ಟು ಎಲೆಗಳಲ್ಲಿ ಮುಟ್ಟದೆ ಉಳಿದಿತ್ತು ಎಂದು. ಊಟ ಒಂದೇ. ಬಾಗಿಲಲ್ಲಿ ಅದಕ್ಕೆ ಒಂದು ಅಳತೆ, ಬಸ್ಸಿನಲ್ಲಿ ಇನ್ನೊಂದು, ಎಲೆಯ ಮೇಲೆ ಮತ್ತೊಂದು.

ಹೆರಿಗೆ ಆಸ್ಪತ್ರೆಗಳು ಬಾಣಂತಿಯರನ್ನು ಕೇಳುವ ಪ್ರಶ್ನೆಯೂ ಬಹುಮಟ್ಟಿಗೆ ಬಾಗಿಲಲ್ಲಿ ಕೇಳುವ ಪ್ರಶ್ನೆಯೇ: ‘ಇಲ್ಲಿ ಸಿಕ್ಕ ಆರೈಕೆ ನಿಮಗೆ ತೃಪ್ತಿ ತಂದಿತೇ?’ ಹೆಚ್ಚಿನವರು ‘ಹೌದು’ ಎನ್ನುತ್ತಾರೆ. ಅದೇ ಹೆಂಗಸರು ತವರಿನಲ್ಲಿ ಅಕ್ಕತಂಗಿಯರ ಮುಂದೆ ಬಿಚ್ಚುವ ಹೆರಿಗೆಯ ಕತೆಯಲ್ಲಿ ಗದರಿಕೆ, ಒಬ್ಬಳೇ ಮಲಗಿದ್ದ ರಾತ್ರಿ, ಒಂದು ಮಾತೂ ಹೇಳದೆ ನಡೆಸಿದ ಒಳಪರೀಕ್ಷೆ ಎಲ್ಲವೂ ಬರುತ್ತವೆ. ಎರಡೂ ಮಾತು ಒಂದೇ ಬಾಯಿಂದ ಹೊರಡುವುದು ಹೇಗೆ? ಎರಡರಲ್ಲಿ ಯಾವುದನ್ನು ಲೆಕ್ಕಕ್ಕೆ ಹಿಡಿಯಬೇಕು? ತೃಪ್ತಿಯನ್ನು ಅಳೆಯಲು ಹೊರಟ ವಿಜ್ಞಾನ ನಾಲ್ಕು ದಶಕಗಳಿಂದ ಬಿಡಿಸುತ್ತಿರುವ ಗಂಟು ಇದು.

ಡಿಸ್ಚಾರ್ಜಿನ ಹೊತ್ತು

ಈ ಗಂಟು ಬರೀ ಪಂಡಿತರ ತಲೆನೋವಲ್ಲ, ಇದರ ಮೇಲೆ ಹಣ ನಿಂತಿದೆ. ಕೇಂದ್ರ ಆರೋಗ್ಯ ಸಚಿವಾಲಯ 2017ರ ಡಿಸೆಂಬರಿನಲ್ಲಿ ‘ಲಕ್ಷ್ಯ’ ಎಂಬ ಕಾರ್ಯಕ್ರಮವನ್ನು ಶುರುಮಾಡಿತು. ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗಳನ್ನೂ ಹೆರಿಗೆಯ ಆಪರೇಷನ್ ಥಿಯೇಟರುಗಳನ್ನೂ ಸುಧಾರಿಸುವುದು ಅದರ ಗುರಿ. ಗುಣಮಟ್ಟದ ಪ್ರಮಾಣಪತ್ರ ಪಡೆದು ಪ್ರೋತ್ಸಾಹಧನಕ್ಕೆ ಅರ್ಹವಾಗಲು ಆಸ್ಪತ್ರೆಗಳಿಗೆ ಹಾಕಿದ ಷರತ್ತುಗಳಲ್ಲಿ ಒಂದು, ಫಲಾನುಭವಿಗಳಲ್ಲಿ ಶೇಕಡಾ 80ರಷ್ಟು ಮಂದಿಯಾದರೂ ‘ತೃಪ್ತಿ’ ಅಥವಾ ‘ಬಹಳ ತೃಪ್ತಿ’ ಎಂದಿರಬೇಕು ಎಂಬುದು. ಆಶಯ ಒಳ್ಳೆಯದೇ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 2005-06ರಲ್ಲಿ ಕರ್ನಾಟಕದ ನೂರು ಹೆರಿಗೆಗಳಲ್ಲಿ ಸುಮಾರು 65 ಮಾತ್ರ ಆಸ್ಪತ್ರೆಗಳಲ್ಲಿ ಆಗುತ್ತಿದ್ದವು. 2019-21ರ ಸಮೀಕ್ಷೆಯ ಹೊತ್ತಿಗೆ ಆ ಸಂಖ್ಯೆ 97ಕ್ಕೆ ಏರಿತ್ತು. ಹೆಂಗಸರನ್ನು ಆಸ್ಪತ್ರೆಯ ಬಾಗಿಲವರೆಗೆ ಕರೆತರುವ ಕೆಲಸ ಮುಕ್ಕಾಲುಪಾಲು ಮುಗಿದಿದೆ. ಬಾಗಿಲ ಒಳಗೆ ಅವರಿಗೆ ಏನಾಗುತ್ತಿದೆ ಎಂದು ಕೇಳುವುದೇ ಮುಂದಿನ ಕೆಲಸ.

ಆದರೆ ಕೇಳುವ ಗಳಿಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಿ. ಬಾಣಂತಿ ಮಂಚದ ಅಂಚಿನಲ್ಲಿ ಕೂತಿದ್ದಾಳೆ. ಹೊಲಿಗೆ ಇನ್ನೂ ಎಳೆಯುತ್ತಿದೆ. ಬಟ್ಟೆಯ ಗಂಟು, ಫ್ಲಾಸ್ಕು, ತಾಯಿ ಕಾರ್ಡು ಚೀಲಕ್ಕೆ ಸೇರಿವೆ. ಮಗು ಅತ್ತೆಯ ಕೈಯಲ್ಲಿದೆ, ಗಂಡ ಗಾಡಿ ತರಲು ಹೋಗಿದ್ದಾನೆ. ಡಿಸ್ಚಾರ್ಜ್ ಚೀಟಿಗೆ ಇನ್ನೊಂದು ಸಹಿ ಬಾಕಿ. ನಿನ್ನೆ ಹೆರಿಗೆ ಮಾಡಿಸಿದ ಸಿಸ್ಟರ್ ಅಥವಾ ಅವರ ಜೊತೆಯವರೇ ಒಂದು ಹಾಳೆ ಹಿಡಿದು ಬಂದು, ‘ಎಲ್ಲಾ ಚೆನ್ನಾಗಿ ನೋಡಿಕೊಂಡರಲ್ಲಮ್ಮ?’ ಎಂದು ಕೇಳುತ್ತಾರೆ. ಬಾಣಂತಿ ತಲೆಯಾಡಿಸುತ್ತಾಳೆ. ಹಾಳೆಯಲ್ಲಿ ಐದು ಚೌಕಗಳಿವೆ, ಕೊನೆಯದಕ್ಕೆ ಗೆರೆ ಬೀಳುತ್ತದೆ. ಯಾರೂ ಮೋಸ ಮಾಡಿಲ್ಲ, ಯಾರೂ ಬೆದರಿಸಿಲ್ಲ. ಆದರೂ ಈ ಗೆರೆಯಿಂದ ಹೆರಿಗೆ ಕೋಣೆಯ ಬಗ್ಗೆ ನಮಗೆ ತಿಳಿದದ್ದು ಅತ್ಯಲ್ಪ.

ಎಲೆ ಹೇಳಿದ ಲೆಕ್ಕ

ಹಾಗೆಂದು ಹೇಳಲು ಆಧಾರ ಬೇಕು. ಮಾತನ್ನು ಪಕ್ಕಕ್ಕಿಟ್ಟು ಎಲೆಯನ್ನೇ ನೋಡಿದವರು, ಅಂದರೆ ಹೆರಿಗೆ ಕೋಣೆಯಲ್ಲೇ ಕೂತು ಕಂಡದ್ದನ್ನು ಬರೆದುಕೊಂಡವರು ಇದ್ದಾರೆ. ಉತ್ತರ ಪ್ರದೇಶದ 26 ಆಸ್ಪತ್ರೆಗಳಲ್ಲಿ 275 ತಾಯಂದಿರ ಹೆರಿಗೆಯನ್ನು ಹೀಗೆ ಗಮನಿಸಿದ ಅಧ್ಯಯನವೊಂದು 2019ರಲ್ಲಿ ಪ್ರಕಟವಾಯಿತು. ಅದರಲ್ಲಿ ಸರ್ಕಾರಿ ಆಸ್ಪತ್ರೆಗಳೂ ಇದ್ದವು, ಖಾಸಗಿಯವೂ ಇದ್ದವು. ನಡೆಯಬಾರದ ಸಂಗತಿಗಳ ಪಟ್ಟಿಯಲ್ಲಿ ಒಂದಾದರೂ ಎದುರಾಗದ ತಾಯಿ ಆ 275 ಮಂದಿಯಲ್ಲಿ ಒಬ್ಬಳೂ ಇರಲಿಲ್ಲ. ಯಾವ ಭಂಗಿಯಲ್ಲಿ ಹೆರಲು ಅನುಕೂಲ ಎಂಬುದನ್ನು ನೂರಕ್ಕೆ 92 ಮಂದಿಯನ್ನು ಕೇಳಿರಲೇ ಇಲ್ಲ. ಅದೇ ವರ್ಷ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಘಾನಾ, ಗಿನಿ, ನೈಜೀರಿಯಾ, ಮ್ಯಾನ್ಮಾರ್ ದೇಶಗಳ ಅಧ್ಯಯನವೊಂದು ಬಂತು. ಗಮನಿಸಿದ 2016 ಹೆಂಗಸರಲ್ಲಿ 838 ಮಂದಿ ಹೊಡೆತ, ಬೈಗುಳ ಅಥವಾ ಭೇದಭಾವವನ್ನು ಉಂಡಿದ್ದರು. ಅದು ಅತಿ ಹೆಚ್ಚಾಗಿ ನಡೆದದ್ದು ಮಗು ಹೊರಬರುವುದಕ್ಕೆ ಅರ್ಧ ಗಂಟೆ ಮೊದಲಿನಿಂದ ಹುಟ್ಟಿದ ಕಾಲು ಗಂಟೆಯವರೆಗೆ. ‘ಮುಕ್ಕಮ್ಮಾ, ಇನ್ನೂ ಜೋರಾಗಿ ಮುಕ್ಕು’ ಎಂದು ಕೂಗುವ ಹೊತ್ತು ಅದು. ಕೈಹಿಡಿಯುವವರು ಅತಿ ಅಗತ್ಯವಾದ ಮುಕ್ಕಾಲು ಗಂಟೆಯಲ್ಲೇ ಕೈ ಮೇಲೇಳುತ್ತದೆ.

ಬಾಗಿಲಲ್ಲಿ ಕೇಳುವುದಕ್ಕೂ ಬಸ್ಸಿನಲ್ಲಿ ಕೇಳಿಸಿಕೊಳ್ಳುವುದಕ್ಕೂ ಇರುವ ಅಂತರವನ್ನೂ ಅಳೆದಿದ್ದಾರೆ. ಟಾಂಜಾನಿಯಾದ ಟಾಂಗಾ ಪ್ರಾಂತ್ಯದಲ್ಲಿ ಆಸ್ಪತ್ರೆಯಿಂದ ಹೊರಡುತ್ತಿದ್ದ ಬಾಣಂತಿಯರನ್ನು ಕೇಳಿದಾಗ, ಅಗೌರವ ಅಥವಾ ಹಿಂಸೆ ಕಂಡೆವು ಎಂದವರು ಶೇಕಡಾ 19ರಷ್ಟು. ಐದರಿಂದ ಹತ್ತು ವಾರಗಳ ನಂತರ ಒಂದಷ್ಟು ಮಂದಿಯ ಮನೆಗೇ ಹೋಗಿ ಕೇಳಿದಾಗ ಅದು ಶೇಕಡಾ 28ಕ್ಕೆ ಏರಿತು. ದಾರ್ ಎಸ್ ಸಲಾಮ್ ನಗರದ ಒಂದು ಆಸ್ಪತ್ರೆಯಲ್ಲಂತೂ ಹೆರಿಗೆಯಾದ ಕೆಲವೇ ಗಂಟೆಗಳಲ್ಲಿ ಕೇಳಿದಾಗ ಶೇಕಡಾ 15, ನಾಲ್ಕಾರು ವಾರದ ಮೇಲೆ ಮನೆಯಲ್ಲಿ ಕೇಳಿದಾಗ ಶೇಕಡಾ 70. ಎರಡನೆಯ ಸಲ ಸಿಕ್ಕವರು ನೂರಕ್ಕೂ ಕಡಿಮೆ ಮಂದಿಯಾದ್ದರಿಂದ 70 ಎಂಬ ಅಂಕಿಯನ್ನೇ ಹಿಡಿದು ಕೂರಬೇಕಾಗಿಲ್ಲ. ಎರಡೂ ಕಡೆ ಏರಿಕೆ ಒಂದೇ ದಿಕ್ಕಿಗೆ ಇದೆ ಎಂಬುದು ಮುಖ್ಯ. ಹೆರಿಗೆ ಎಂದೋ ಮುಗಿದಿತ್ತು, ಅದರಲ್ಲಿ ಏನೂ ಬದಲಾಗುವಂತಿರಲಿಲ್ಲ. ಬದಲಾದದ್ದು ಕೇಳಿದ ಜಾಗ ಮತ್ತು ಹೊತ್ತು.

ಕಾಣದ ತಟ್ಟೆ

ಉತ್ತರ ಹೀಗೆ ಮೇಲಕ್ಕೇರಿ ಕೂರುವುದೇಕೆ? ಮೊದಲ ಸುಳಿವು ಸಿಕ್ಕಿದ್ದು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ. ಮೌರೀನ್ ಪೋರ್ಟರ್ ಮತ್ತು ಸ್ಯಾಲಿ ಮ್ಯಾಕಿಂಟೈರ್ ಎಂಬ ಸಮಾಜವಿಜ್ಞಾನಿಗಳು ಅಲ್ಲಿನ ಬಸುರಿಯರ ತಪಾಸಣಾ ವ್ಯವಸ್ಥೆಯನ್ನು ಪರಿಶೀಲಿಸಿ 1984ರಲ್ಲಿ ಒಂದು ಲೇಖನ ಬರೆದರು. ಹೆಂಗಸರು ತಮಗೆ ಯಾವ ಬಗೆಯ ವ್ಯವಸ್ಥೆ ಸಿಕ್ಕಿತ್ತೋ ಅದನ್ನೇ ಒಳ್ಳೆಯದೆಂದರು. ಬೇರೆ ಬಗೆಯದು ಸಿಕ್ಕವರು ಆ ಬೇರೆಯದನ್ನೇ ಹೊಗಳಿದರು. ಇರುವುದೇ ಒಳ್ಳೆಯದಿರಬೇಕು, ಇಲ್ಲದಿದ್ದರೆ ಡಾಕ್ಟರು ಹಾಗೇಕೆ ಮಾಡುತ್ತಾರೆ ಎಂಬ ನಂಬಿಕೆ ಅದು. ಕಾಣದ ಪದಾರ್ಥದ ರುಚಿ ಹೇಳಿ ಎಂದರೆ ಯಾರಾದರೂ ಏನು ಹೇಳಿಯಾರು?

ತೃಪ್ತಿಯೆಂಬುದು ತಕ್ಕಡಿಯ ಹಾಗೆ ಎಂದುಕೊಂಡರೆ ಇದು ಬಿಡಿಸಿದಂತಾಗುತ್ತದೆ. ಒಂದು ತಟ್ಟೆಯಲ್ಲಿ ಸಿಕ್ಕ ಆರೈಕೆ, ಇನ್ನೊಂದರಲ್ಲಿ ನಿರೀಕ್ಷೆ. ‘ತೃಪ್ತಿಯಾಯಿತೇ?’ ಎಂದು ಕೇಳಿದಾಗ ನಮಗೆ ತಿಳಿಯುವುದು ಮುಳ್ಳು ಯಾವ ಕಡೆ ವಾಲಿತು ಎಂಬುದಷ್ಟೆ. ನಿರೀಕ್ಷೆಯ ತಟ್ಟೆಯಲ್ಲಿ ಎಷ್ಟಿತ್ತು ಎಂಬುದು ಕಾಣುವುದಿಲ್ಲ. ಆ ತಟ್ಟೆ ಬರಿದಾಗಿದ್ದರೆ ಒಂದು ಹಿಡಿ ಅಕ್ಕಿ ಹಾಕಿದರೂ ಮುಳ್ಳು ಪೂರ್ತಿ ಇತ್ತಲೇ ವಾಲುತ್ತದೆ. ಹೆರಿಗೆಯೆಂದರೆ ಹೆಣ್ಣಿಗೆ ಮರುಹುಟ್ಟು ಎನ್ನುವ ನಾಡು ನಮ್ಮದು. ಜೀವ ಉಳಿಸಿಕೊಂಡು ಬಂದರೆ ಸಾಕು ಎಂದು ಹೊರಟವಳಿಗೆ ಜೀವ ಉಳಿದದ್ದೇ ತುಂಬಿದ ತಟ್ಟೆ. ಹಾಸಿಗೆಯ ಸುತ್ತ ಪರದೆ ಎಳೆಯಲಿಲ್ಲ, ಹೆಸರು ಹಿಡಿದು ಕರೆಯಲಿಲ್ಲ ಎಂಬುದನ್ನು ಅವಳು ಕೊರತೆಯ ಖಾತೆಗೆ ಬರೆದುಕೊಳ್ಳುವುದೇ ಇಲ್ಲ, ಅದು ಸಿಗಬಹುದೆಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಇದು ಊಹೆಯಲ್ಲ. ಭಾರತವೂ ಸೇರಿ 12 ದೇಶಗಳ ಸುಮಾರು 18 ಸಾವಿರ ಇಂಟರ್ನೆಟ್ ಬಳಕೆದಾರರಿಗೆ ಸಂಶೋಧಕರು ಪುಟ್ಟ ಕತೆಗಳನ್ನು ಕೊಟ್ಟರು. ಕತೆಯ ರೋಗಿಗೆ ಸಿಕ್ಕದ್ದು ಬೇಕೆಂದೇ ಕಳಪೆಯಾಗಿ ಹೆಣೆದ ಚಿಕಿತ್ಸೆ. ಓದಿದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ಶೇಕಡಾ 53ರಷ್ಟು, ಅದನ್ನು ‘ಒಳ್ಳೆಯದು’ ಅಥವಾ ಅದಕ್ಕೂ ಮೇಲು ಎಂದರು. ಇಲ್ಲಿ ಅವರಿಗೆ ಯಾವ ಆಸ್ಪತ್ರೆಯ ಹಂಗೂ ಇರಲಿಲ್ಲ, ಯಾವ ಸಿಸ್ಟರೂ ಎದುರಿಗಿರಲಿಲ್ಲ. ನಿರೀಕ್ಷೆಯ ತಟ್ಟೆ ಹಗುರವಾಗಿತ್ತು, ಅಷ್ಟೇ. ಹಾಗಾಗಿ ಎರಡು ಜಿಲ್ಲೆಗಳ ತೃಪ್ತಿಯ ಅಂಕಿಗಳನ್ನು ಅಕ್ಕಪಕ್ಕ ಇಟ್ಟು ಇಲ್ಲಿನ ಆರೈಕೆ ಮೇಲು, ಅಲ್ಲಿನದು ಕೀಳು ಎನ್ನುವುದು ಎರಡು ಬೇರೆ ಬೇರೆ ತೂಕದ ಕಲ್ಲುಗಳಿಂದ ತೂಗಿದ ಅಕ್ಕಿಯನ್ನು ಹೋಲಿಸಿದ ಹಾಗೆ.

ದಂಡಿಗೆಯ ಮೇಲಿನ ಬೆರಳುಗಳು

ಕಾಣದ ತಟ್ಟೆ ಒಂದಾದರೆ, ತಕ್ಕಡಿಯ ದಂಡಿಗೆಯನ್ನು ಒತ್ತುವ ಬೆರಳುಗಳು ಮೂರು. ಮೊದಲನೆಯದು ದಾಕ್ಷಿಣ್ಯ. ನೆರವಾದವರ ಮುಖ ನೋಡಿ ಕೊರತೆ ಎತ್ತಿ ಆಡದಿರುವುದು ನಮ್ಮಲ್ಲಿ ಸಭ್ಯತೆ. ಜೊತೆಗೆ ಮುಂದಿನ ಸಲವೂ ಇದೇ ಆಸ್ಪತ್ರೆಗೆ ಬರಬೇಕಲ್ಲ ಎಂಬ ಎಚ್ಚರ. ಬ್ರಿಟನ್ನಿನ ಬ್ರಯಾನ್ ವಿಲಿಯಮ್ಸ್ ಮತ್ತು ಸಂಗಡಿಗರು 1998ರಲ್ಲಿ ಇದರ ಇನ್ನೊಂದು ಮುಖವನ್ನು ತೋರಿಸಿದರು. ಅವರು ಮಾತಾಡಿಸಿದ್ದು ಮಾನಸಿಕ ಆರೋಗ್ಯ ಸೇವೆ ಪಡೆದವರನ್ನು. ಕೆಟ್ಟ ಅನುಭವವನ್ನು ವಿವರವಾಗಿ ಹೇಳಿದ ಮೇಲೂ ಆ ಜನ ‘ತೃಪ್ತಿ’ ಎಂದೇ ಗುರುತು ಹಾಕುತ್ತಿದ್ದರು. ಕಾರಣ, ಅದು ಸಿಬ್ಬಂದಿಯ ಕರ್ತವ್ಯವಲ್ಲ ಎನ್ನಿಸಿದ್ದು, ಇಲ್ಲವೇ ಅವರ ತಪ್ಪಲ್ಲ ಎನ್ನಿಸಿದ್ದು. ‘ಪಾಪ, ಒಬ್ಬರೇ ಸಿಸ್ಟರ್, ಅಷ್ಟೊಂದು ಹೆರಿಗೆ, ಅವರಾದರೂ ಏನು ಮಾಡಿಯಾರು?’ ಎಂಬ ಮಾತು ನಮ್ಮ ವಾರ್ಡುಗಳಲ್ಲೂ ಕೇಳುವಂಥದೇ. ಹಾಗೆ ಕ್ಷಮಿಸುವುದು ಬಾಣಂತಿಯ ದೊಡ್ಡತನ. ಆದರೆ ಅವಳ ಕ್ಷಮೆಯನ್ನು ಆಸ್ಪತ್ರೆ ಅಂಕವೆಂದು ಬರೆದುಕೊಳ್ಳುತ್ತದೆ. ಸಿಬ್ಬಂದಿ ಸಾಲದು ಎಂಬ ಸತ್ಯ ಆ ಅಂಕದೊಳಗೆ ಹೂತುಹೋಗುತ್ತದೆ.

ಎರಡನೆಯ ಬೆರಳನ್ನು ಪ್ರಭಾವಳಿ ಎನ್ನೋಣ. ಇಂಗ್ಲಿಷಿನಲ್ಲಿ ಹೇಲೋ ಎಫೆಕ್ಟ್ ಎನ್ನುವುದು ಇದನ್ನೇ. ಗರ್ಭಗುಡಿಯಲ್ಲಿ ವಿಗ್ರಹದ ಹಿಂದಿನ ಪ್ರಭಾವಳಿ ದೀಪಕ್ಕೆ ಥಳಥಳಿಸುವಾಗ ಕಲ್ಲಿನ ಬಿರುಕು ಯಾರ ಕಣ್ಣಿಗೂ ಬೀಳುವುದಿಲ್ಲ. ಮಡಿಲಲ್ಲಿ ಮಗು ಇದೆ, ‘ತಾಯಿ ಮಗು ಇಬ್ಬರೂ ಆರೋಗ್ಯ’ ಎಂದು ಊರಿಗೆಲ್ಲ ಫೋನು ಹೋಗಿದೆ. ಆ ಬೆಳಕು ಹಿಂದಿನ ರಾತ್ರಿಯನ್ನೂ ಬೆಳಗುತ್ತದೆ. ಬೆಳಕು ಇಳಿದ ಮೇಲೆ ಏನಾಗುತ್ತದೆ ಎಂಬುದನ್ನು ಸ್ವೀಡನ್ನಿನ ಉಲ್ಲಾ ವಾಲ್ಡೆನ್‌ಸ್ಟ್ರಾಮ್ ಸುಮಾರು 2400 ತಾಯಂದಿರಲ್ಲಿ ನೋಡಿದರು. ಹೆರಿಗೆಯಾಗಿ ಎರಡು ತಿಂಗಳಾದಾಗ ಒಮ್ಮೆ, ಒಂದು ವರ್ಷವಾದಾಗ ಇನ್ನೊಮ್ಮೆ ಅದೇ ಪ್ರಶ್ನೆ ಕೇಳಿದಾಗ ಶೇಕಡಾ 60ರಷ್ಟು ಮಂದಿಯ ಅಭಿಪ್ರಾಯ ಹಾಗೆಯೇ ಉಳಿದಿತ್ತು. ಒಟ್ಟು ತಾಯಂದಿರಲ್ಲಿ ಕಹಿಯ ಕಡೆ ಸರಿದವರು ಶೇಕಡಾ 24, ಸಿಹಿಯ ಕಡೆ ಬಂದವರು 16. ‘ಹಾಗಾದರೆ ನೆನಪು ಕೆಡುತ್ತ ಹೋಗುತ್ತದೆ, ತಡವಾಗಿ ಕೇಳಿದ್ದನ್ನು ನಂಬುವುದು ಹೇಗೆ?’ ಎಂದು ಕೇಳಬಹುದು. ಅಮೆರಿಕದ ಪೆನ್ನಿ ಸಿಮ್ಕಿನ್ ಇಪ್ಪತ್ತು ಹೆಂಗಸರು ಹೆರಿಗೆಯಾದ ಹೊಸತರಲ್ಲಿ ಬರೆದಿಟ್ಟಿದ್ದ ವಿವರಗಳನ್ನು ಹದಿನೈದು-ಇಪ್ಪತ್ತು ವರ್ಷಗಳ ನಂತರ ಅವರೇ ಹೇಳಿದ ಕತೆಯೊಂದಿಗೆ ಹೋಲಿಸಿ 1991ರಲ್ಲಿ ಪ್ರಕಟಿಸಿದರು. ನೆನಪು ಬಹುಪಾಲು ನಿಖರವಾಗಿತ್ತು. ಯಾರು ಏನೆಂದರು ಎಂಬುದು ಅಚ್ಚೊತ್ತಿದಂತೆ ಉಳಿದಿತ್ತು. ನಡೆದದ್ದು ನೆನಪಿನಲ್ಲಿ ಹಾಗೆಯೇ ಇದ್ದು, ಅದಕ್ಕೆ ಕಟ್ಟುವ ಬೆಲೆ ಮಾತ್ರ ಬದಲಾಗುತ್ತ ಬಂದಿತ್ತು.

ಮೂರನೆಯದು ಪ್ರಶ್ನೆಯ ಧಾಟಿ. ಹೌದಪ್ಪನ ಚಾವಡಿ ಎಂಬ ಮಾತು ನಮ್ಮಲ್ಲಿದೆ. ಎದುರಿನವರು ಹೇಳಿದ್ದಕ್ಕೆಲ್ಲ ಹೂಂಗುಟ್ಟುವವರ ಕೂಟ. ಸಮೀಕ್ಷೆಯ ಹಾಳೆಯೂ ಕೆಲವೊಮ್ಮೆ ಅಂಥ ಚಾವಡಿಯಾಗುತ್ತದೆ. ನೈಜೀರಿಯಾದ ಆರೋಗ್ಯ ಕೇಂದ್ರಗಳಲ್ಲಿ ಸಂಶೋಧಕರು ರೋಗಿಗಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿದರು. ಒಂದು ಗುಂಪಿಗೆ ಹೊಗಳಿಕೆಯ ಧಾಟಿಯ ವಾಕ್ಯಗಳನ್ನೂ ಇನ್ನೊಂದಕ್ಕೆ ಅದೇ ವಿಷಯದ ತೆಗಳಿಕೆಯ ವಾಕ್ಯಗಳನ್ನೂ ಓದಿ, ‘ಒಪ್ಪುವಿರಾ?’ ಎಂದರು. ಕೇಂದ್ರಗಳೂ ಅವೇ, ಸೇವೆಯೂ ಅದೇ. ಆದರೂ ಹೊಗಳಿಕೆ ಕೇಳಿಸಿಕೊಂಡ ಗುಂಪಿನ ತೃಪ್ತಿ ಎದ್ದುಕಾಣುವಷ್ಟು ಹೆಚ್ಚಿತ್ತು. 2018ರಲ್ಲಿ ಪ್ರಕಟವಾದ ಈ ಫಲಿತಾಂಶದ ಬೆಳಕಿನಲ್ಲಿ ನೋಡಿದರೆ, ‘ಎಲ್ಲಾ ಚೆನ್ನಾಗಿ ನೋಡಿಕೊಂಡರಲ್ಲಮ್ಮ?’ ಎಂಬ ಪ್ರಶ್ನೆ ಉತ್ತರವನ್ನು ಮಡಿಲಲ್ಲಿ ಕಟ್ಟಿಕೊಂಡೇ ಬಂದಿರುತ್ತದೆ.

ನೋವಿನ ಲೆಕ್ಕ ಬೇರೆ

ಇಲ್ಲಿ ಒಂದು ಸಂದೇಹ ಏಳುವುದು ಸಹಜ. ಹೆರಿಗೆಯ ಅನುಭವವನ್ನು ತೀರ್ಮಾನಿಸುವುದು ನೋವು ತಾನೆ? ನೋವಿನ ಕೆಲಸಕ್ಕೆ ತೃಪ್ತಿಯ ಪ್ರಶ್ನೆ ಕೇಳುವುದೇ ಅಸಂಗತವಲ್ಲವೇ? ಕೆನಡಾದ ಎಲೆನ್ ಹಾಡ್ನೆಟ್ 137 ವರದಿಗಳನ್ನು ಒಟ್ಟಿಗೆ ಇಟ್ಟು ನೋಡಿ 2002ರಲ್ಲಿ ಕೊಟ್ಟ ಉತ್ತರ ಬಹಳ ಮಂದಿಯನ್ನು ಬೆರಗುಗೊಳಿಸಿತು. ತಾಯಿಯ ತೃಪ್ತಿಯನ್ನು ನಾಲ್ಕು ಸಂಗತಿಗಳು ಆಳುತ್ತವೆ: ಅವಳ ನಿರೀಕ್ಷೆ, ಆರೈಕೆ ಮಾಡುವವರಿಂದ ಸಿಕ್ಕ ಆಸರೆ, ಅವರೊಂದಿಗಿನ ಸಂಬಂಧದ ಗುಣ, ತೀರ್ಮಾನಗಳಲ್ಲಿ ಅವಳಿಗಿದ್ದ ಪಾಲು. ಇವು ಎಷ್ಟು ಬಲವಾದವೆಂದರೆ ವಯಸ್ಸು, ಸ್ಥಿತಿವಂತಿಕೆ, ಕೋಣೆಯ ಸೌಕರ್ಯ, ಚಿಕಿತ್ಸೆಯ ಬಗೆ, ಕಡೆಗೆ ನೋವೂ ಇವುಗಳ ಮುಂದೆ ಹಿಂದಕ್ಕೆ ಸರಿಯುತ್ತವೆ. ನೋವು ಮುಖ್ಯವಲ್ಲವೆಂದು ಇದರ ಅರ್ಥವಲ್ಲ. ನೋವಿನ ಹೊತ್ತಿನಲ್ಲಿ ಪಕ್ಕದಲ್ಲಿ ಯಾರಿದ್ದರು, ಅವರು ಏನೆಂದರು ಎಂಬುದು ಅದಕ್ಕಿಂತ ಆಳಕ್ಕೆ ಇಳಿಯುತ್ತದೆ ಎಂದರ್ಥ.

ಮಗುವಿನ ಮುಖ ಕಂಡರೆ ಹೆತ್ತ ನೋವು ಮರೆತುಹೋಗುತ್ತದೆ ಎಂಬ ಮಾತೂ ಇದೇ ಬೆಳಕಿನಲ್ಲಿ ಅರ್ಧ ಮಾತ್ರ ನಿಜ. ಸ್ವೀಡನ್ನಿನ ಅದೇ ತಾಯಂದಿರ ಗುಂಪಿನಲ್ಲಿ ಒಂದಷ್ಟು ಮಂದಿಯನ್ನು ಐದು ವರ್ಷಗಳ ಮೇಲೆ ಮತ್ತೆ ಕೇಳಿದಾಗ ಸುಮಾರು ಅರ್ಧದಷ್ಟು ಮಂದಿಗೆ ನೋವು ಮೊದಲು ಹೇಳಿದ್ದಕ್ಕಿಂತ ಕಡಿಮೆಯಿದ್ದಂತೆ ನೆನಪಿತ್ತು. ಆದರೆ ಹೆರಿಗೆ ಕೆಟ್ಟ ಅನುಭವವಾಗಿತ್ತು ಎಂದವರಲ್ಲಿ ನೋವಿನ ನೆನಪು ಮಾಸಿರಲೇ ಇಲ್ಲ. ಗದರಿಕೆ ನೋವನ್ನು ಆ ಹೊತ್ತಿಗೆ ಹೆಚ್ಚಿಸುತ್ತದೋ ಇಲ್ಲವೋ, ಕಹಿಯಾದ ಅನುಭವದ ನೋವು ಮಾತ್ರ ವರ್ಷಗಟ್ಟಲೆ ಒಣಗುವುದಿಲ್ಲ. ಆಸರೆಗೆ ಬೆಲೆಯಿದೆ ಎಂಬುದಕ್ಕೆ ಇನ್ನೂ ನೇರವಾದ ಪುರಾವೆಯೂ ಇದೆ. 15 ಸಾವಿರಕ್ಕೂ ಹೆಚ್ಚು ಹೆಂಗಸರಿದ್ದ 26 ಪ್ರಯೋಗಗಳನ್ನು ಕೂಡಿಸಿ ನೋಡಿದ 2017ರ ಕಾಕ್ರೇನ್ ಪರಿಶೀಲನೆಯ ಪ್ರಕಾರ, ಹೆರಿಗೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಕೆಟ್ಟ ಅನುಭವವಾಯಿತು ಎನ್ನುವವರು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗುತ್ತಾರೆ. ಹೆರಿಗೆಯ ಅವಧಿಯೂ ಕೊಂಚ ತಗ್ಗುತ್ತದೆ, ಸಿಸೇರಿಯನ್ನಿನ ಸಂಭವವೂ ಇಳಿಯುತ್ತದೆ.

ಸೇರು ಪಾವಿನಲ್ಲಿ ಅಳೆದರೆ

ತಕ್ಕಡಿಯಲ್ಲಿ ಒಂದು ತಟ್ಟೆ ಕಾಣದು, ದಂಡಿಗೆಯ ಮೇಲೆ ಬೆರಳು ಬೇರೆ. ಹಾಗಿದ್ದರೆ ತಕ್ಕಡಿಯನ್ನು ಬಿಟ್ಟು ಸೇರು ಪಾವಿನಲ್ಲಿ ಅಳೆಯಬಾರದೇಕೆ? ಪಾವಿಗೆ ಇನ್ನೊಂದು ತಟ್ಟೆಯ ಹಂಗಿಲ್ಲ. ತುಂಬಿತು ಇಲ್ಲವೇ ತುಂಬಲಿಲ್ಲ. ಕಳೆದ ಮೂರು ದಶಕಗಳಲ್ಲಿ ಈ ವಿಜ್ಞಾನ ಕಂಡುಕೊಂಡ ಮುಖ್ಯ ದಾರಿ ಇದೇ: ಹೇಗನ್ನಿಸಿತು ಎಂದು ಕೇಳುವ ಬದಲು ಏನು ನಡೆಯಿತು ಎಂದು ಕೇಳುವುದು. ‘ಊಟ ಹೇಗಿತ್ತು?’ ಎಂದರೆ ‘ಚೆನ್ನಾಗಿತ್ತು’. ‘ಪಲ್ಯ ಎರಡನೇ ಸಲ ಬಂತೇ?’ ಎಂದರೆ ದಾಕ್ಷಿಣ್ಯವಿರುವವರೂ ‘ಇಲ್ಲ’ ಎಂದುಬಿಡುತ್ತಾರೆ. ಅದು ದೂರಲ್ಲ, ಸುದ್ದಿ. ಇಂಗ್ಲೆಂಡಿನ ಹೆರಿಗೆ ಸಮೀಕ್ಷೆ ತಾಯಂದಿರನ್ನು, ನಿಮಗೆ ಆತಂಕವಾದ ಹೊತ್ತಿನಲ್ಲಿ ಡಾಕ್ಟರು, ಸೂಲಗಿತ್ತಿ ಯಾರೂ ಇಲ್ಲದೆ ಒಂಟಿಯಾಗಿ ಬಿಟ್ಟಿದ್ದರೇ ಎಂದು ನೇರವಾಗಿ ಕೇಳುತ್ತದೆ. ಪೇಷನ್ಸ್ ಅಫುಲಾನಿ ಎಂಬ ಸಂಶೋಧಕಿ ಮತ್ತು ಸಂಗಡಿಗರು 2017ರಲ್ಲಿ ಕೀನ್ಯಾದಲ್ಲಿ 30 ಪ್ರಶ್ನೆಗಳ ಒಂದು ಅಳತೆಗೋಲನ್ನು ರೂಪಿಸಿದರು. ಮರುವರ್ಷ ಉತ್ತರ ಪ್ರದೇಶದಲ್ಲಿ ಪರೀಕ್ಷಿಸಿ ಭಾರತಕ್ಕೆ ಹೊಂದುವ 27 ಪ್ರಶ್ನೆಗಳನ್ನು ಉಳಿಸಿಕೊಂಡರು. ಸಿಬ್ಬಂದಿ ತಮ್ಮ ಪರಿಚಯ ಹೇಳಿಕೊಂಡರೇ, ನಿಮ್ಮನ್ನು ಹೆಸರಿನಿಂದ ಕರೆದರೇ, ಪರೀಕ್ಷೆಗೆ ಮುನ್ನ ಒಪ್ಪಿಗೆ ಕೇಳಿದರೇ, ಮೈಮುಚ್ಚುವ ಬಟ್ಟೆಯೋ ಪರದೆಯೋ ಇತ್ತೇ, ಜೊತೆಗೆ ಬಂದವರನ್ನು ಒಳಗೆ ಬಿಟ್ಟರೇ ಎಂಬಂಥವು ಆ ಪ್ರಶ್ನೆಗಳು. ಉತ್ತರ ಹೌದು-ಇಲ್ಲದಲ್ಲೇ ನಿಲ್ಲುವುದಿಲ್ಲ. ಒಮ್ಮೆಯೂ ಇಲ್ಲ, ಕೆಲವು ಸಲ, ಬಹುತೇಕ ಸಲ, ಪ್ರತಿ ಸಲ ಎಂಬ ನಾಲ್ಕು ಮೆಟ್ಟಿಲುಗಳಿವೆ.

ತಕ್ಕಡಿಯೂ ಪಾವೂ ಎಷ್ಟು ಬೇರೆ ಉತ್ತರ ಕೊಡುತ್ತವೆ ಎಂಬುದನ್ನು ಸ್ಕಾಟ್ಲೆಂಡಿನಲ್ಲಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿತು. ಅದು ಹೆರಿಗೆಯದಲ್ಲ, ಎಲ್ಲ ಬಗೆಯ ಒಳರೋಗಿಗಳದು. 2249 ಮಂದಿಗೆ ಎರಡೂ ಬಗೆಯ ಪ್ರಶ್ನೆಗಳನ್ನು ಹಾಕಿದ್ದರು. ಹತ್ತರಲ್ಲಿ ಒಂಬತ್ತರಷ್ಟು ಮಂದಿ ತೃಪ್ತರೆಂದರು. ಆದರೆ ಆರೈಕೆ ‘ಅತ್ಯುತ್ತಮ’ ಎಂದು ಪೂರ್ತಿ ಅಂಕ ಕೊಟ್ಟವರಲ್ಲೇ ಅರ್ಧಕ್ಕಿಂತ ಹೆಚ್ಚು ಮಂದಿ, ಕೇಳಿದ ನಿರ್ದಿಷ್ಟ ಸಂಗತಿಗಳಲ್ಲಿ ಹತ್ತನೇ ಒಂದರಷ್ಟರಲ್ಲಿ ಕೊರತೆಯನ್ನು ಗುರುತಿಸಿದ್ದರು. ಪಾವಿಗೆ ಇನ್ನೂ ಒಂದು ಗುಣವಿದೆ. ‘ತೃಪ್ತಿ 82’ ಎಂಬ ಅಂಕಿಯನ್ನು ನೋಡಿ ಮುಖ್ಯ ವೈದ್ಯಾಧಿಕಾರಿ ನಾಳೆ ಬೆಳಗ್ಗೆ ಏನು ಮಾಡಬೇಕು? ಏನೂ ತೋಚದು. ‘ಹತ್ತರಲ್ಲಿ ಏಳು ಮಂದಿಗೆ ಪರದೆ ಎಳೆದಿಲ್ಲ’ ಎಂದು ಬರೆದಿದ್ದರೆ ಪರದೆಯ ಬಟ್ಟೆಗೂ ಕಂಬಿಗೂ ಬೇಡಿಕೆ ಬರೆಯಬಹುದು.

ಮೂರು ಆಕ್ಷೇಪ

ಮೊದಲ ಆಕ್ಷೇಪ ವೈದ್ಯರದು: ಜೀವ ಉಳಿಸುವುದು ನಮ್ಮ ಕೆಲಸ, ಮನ ತಣಿಸುವುದಲ್ಲ. ಅವರ ಕೈಯಲ್ಲಿ ಪುರಾವೆಯೂ ಇದೆ. ಅಮೆರಿಕದಲ್ಲಿ 50 ಸಾವಿರಕ್ಕೂ ಹೆಚ್ಚು ಮಂದಿಯನ್ನು ನೋಡಿದ 2012ರ ಅಧ್ಯಯನವೊಂದರಲ್ಲಿ ಅತಿ ಹೆಚ್ಚು ತೃಪ್ತರಾಗಿದ್ದವರ ಖರ್ಚೂ ಹೆಚ್ಚಿತ್ತು, ಸಾವಿನ ಪ್ರಮಾಣವೂ ಹೆಚ್ಚಿತ್ತು. ಕೇಳಿದ್ದನ್ನೆಲ್ಲ ಬರೆದುಕೊಡುವ ಡಾಕ್ಟರು ಪ್ರಿಯರಾಗಬಹುದು, ಹಿತವರಾಗಬೇಕೆಂದಿಲ್ಲ. ಆದರೆ ಈ ಪುರಾವೆ ಹೊಡೆಯುವುದು ತಕ್ಕಡಿಗೆ, ಪಾವಿಗಲ್ಲ. ಒಪ್ಪಿಗೆ ಕೇಳಿದರೇ, ಒಂಟಿಯಾಗಿ ಬಿಟ್ಟರೇ ಎಂಬುವು ಮನ ತಣಿಸುವ ಪ್ರಶ್ನೆಗಳಲ್ಲ. ಒಂಟಿಯಾಗಿ ಮಲಗಿದ್ದವಳ ರಕ್ತಸ್ರಾವ ತಡವಾಗಿ ಕಣ್ಣಿಗೆ ಬೀಳುತ್ತದೆ. ಒಮ್ಮೆ ಗದರಿಸಿಕೊಂಡವಳು ತಲೆ ಸುತ್ತುತ್ತಿದೆ ಎಂದು ಎರಡನೇ ಸಲ ಹೇಳಲು ಹೆದರುತ್ತಾಳೆ. ಸುರಕ್ಷತೆಗೂ ಗೌರವಕ್ಕೂ ನಡುವೆ ಗೋಡೆ ಕಟ್ಟಲಾಗದು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೊರಡಿಸಿದ ಹೆರಿಗೆ ಆರೈಕೆಯ ಮಾರ್ಗಸೂಚಿಯ 56 ಶಿಫಾರಸುಗಳಲ್ಲಿ ಗೌರವದ ಆರೈಕೆ, ಸ್ಪಷ್ಟ ಮಾತು, ಜೊತೆಗಾರರ ಇರುವಿಕೆ ಇವು ಮೊದಲ ಸಾಲಿನಲ್ಲೇ ಇವೆ.

ಎರಡನೆಯದು ವ್ಯವಸ್ಥಾಪಕರ ಅಂಜಿಕೆ: ಪರದೆ, ಒಪ್ಪಿಗೆ ಎಂದು ಕೇಳುತ್ತ ಹೋದರೆ ಇಲ್ಲದ ನಿರೀಕ್ಷೆ ಹುಟ್ಟಿಸಿ ಇದ್ದ ನೆಮ್ಮದಿಯನ್ನೂ ಕೆಡಿಸಿದಂತಾಗುವುದಿಲ್ಲವೇ? ತಕ್ಕಡಿಯ ಲೆಕ್ಕವನ್ನು ಯಾಂತ್ರಿಕವಾಗಿ ಹಿಡಿದರೆ ಹಾಗೆ ತೋರುತ್ತದೆ. ಆದರೆ ಜೋಸೆಫಿನ್ ಗ್ರೀನ್ ಮತ್ತು ಸಂಗಡಿಗರು ಇಂಗ್ಲೆಂಡಿನಲ್ಲಿ 825 ಹೆಂಗಸರನ್ನು ಹೆರಿಗೆಗೆ ಮೊದಲೂ ನಂತರವೂ ಕೇಳಿ 1990ರಲ್ಲಿ ಬರೆದದ್ದು ಬೇರೆಯೇ. ಹೆಚ್ಚು ನಿರೀಕ್ಷಿಸಿದವರು ಹೆಚ್ಚು ನಿರಾಶರಾಗಲಿಲ್ಲ; ಹೆರಿಗೆಯ ನಂತರ ಮನಸ್ಸು ಕುಗ್ಗಿದ್ದು ಕಡಿಮೆ ನಿರೀಕ್ಷೆ ಇಟ್ಟುಕೊಂಡು ಹೋದವರದು. ನಿರೀಕ್ಷೆಯೆಂಬುದು ಎದುರು ತಟ್ಟೆಯ ಕಲ್ಲಷ್ಟೇ ಅಲ್ಲ, ಬಾಯಿಬಿಟ್ಟು ಕೇಳುವ ಧೈರ್ಯವೂ ಹೌದು. ಕೇಳಿದವಳಿಗೆ ನೀರು ಸಿಗುತ್ತದೆ, ಕೇಳಬಹುದೆಂದೇ ತಿಳಿಯದವಳು ಬಾಯಾರಿಯೇ ಇರುತ್ತಾಳೆ.

ಮೂರನೆಯ ಆಕ್ಷೇಪ ಹೆಚ್ಚು ಗಟ್ಟಿ. ಅವಳೇ ತೃಪ್ತಿ ಎಂದಿರುವಾಗ ಇಲ್ಲ, ನಿನಗೆ ಅನ್ಯಾಯವಾಗಿದೆ ಎನ್ನಲು ಹೊರಗಿನವರು ಯಾರು? ಜೊತೆಗೆ, ‘ಬೈದರೇ?’ ಎಂಬ ಪ್ರಶ್ನೆಯಲ್ಲೂ ಬೈಗುಳ ಯಾವುದು, ಸಲಿಗೆ ಯಾವುದು ಎಂಬ ಅವಳ ತೀರ್ಮಾನವೇ ಅಡಗಿಲ್ಲವೇ? ಎರಡನೆಯ ಮಾತನ್ನು ಒಪ್ಪಬೇಕು, ಪಾವಿನಲ್ಲೂ ಒಂದಿಷ್ಟು ತಕ್ಕಡಿ ಸೇರಿಯೇ ಇರುತ್ತದೆ. ಆದ್ದರಿಂದಲೇ ಪ್ರಶ್ನೆಗಳನ್ನು ಚಿಕ್ಕದು ಮಾಡಬೇಕು, ಹೆಸರು, ಪರದೆ, ನೀರು, ಒಪ್ಪಿಗೆ ಎಂಬಷ್ಟು ಚಿಕ್ಕದು. ಆಗಾಗ ಎಲೆಯನ್ನೂ ನೋಡಬೇಕು. ಮೊದಲ ಮಾತಿಗೆ ಉತ್ತರ, ಅವಳ ತೃಪ್ತಿಯನ್ನು ಯಾರೂ ಕಸಿಯಬೇಕಿಲ್ಲ. ಅದು ಅವಳದು, ಬದುಕಿ ಬಂದ ಸಮಾಧಾನ, ಕಂದನ ಸಂತೋಷ, ಕ್ಷಮಿಸಿದ ದೊಡ್ಡತನ ಎಲ್ಲ ಕೂಡಿದ್ದು. ಅವಳ ಮನಸ್ಸಿನ ವಿಷಯವಾಗಿ ಆ ಉತ್ತರ ನಿಜ. ಆಸ್ಪತ್ರೆಯ ಕೆಲಸದ ಬಗ್ಗೆ ಅದನ್ನು ಸಾಕ್ಷಿಯಾಗಿ ನಿಲ್ಲಿಸುವುದಷ್ಟೇ ತಪ್ಪು.

ದುಬಾರಿ ಉತ್ತರ

ಹಾಗಾದರೆ ತೃಪ್ತಿಯ ಪ್ರಶ್ನೆಯನ್ನು ಎಸೆದುಬಿಡಬೇಕೇ? ಬೇಡ. ಅದನ್ನು ಓದುವ ಕ್ರಮ ಬದಲಾದರೆ ಸಾಕು. ಹಗುರವಾದ ನಿರೀಕ್ಷೆ, ದಾಕ್ಷಿಣ್ಯ, ಪ್ರಭಾವಳಿ, ಪ್ರಶ್ನೆಯ ಧಾಟಿ, ಇಷ್ಟೂ ಸೇರಿ ಮುಳ್ಳನ್ನು ಒಂದೇ ಕಡೆಗೆ ತಳ್ಳುತ್ತಿವೆ. ಇವುಗಳ ನಡುವೆ ‘ಹೌದು’ ಅಗ್ಗದ ಉತ್ತರ, ಯಾವ ಖರ್ಚೂ ಇಲ್ಲದೆ ಬಾಯಿಗೆ ಬರುವಂಥದು. ‘ಇಲ್ಲ’ ಎನ್ನಬೇಕಾದರೆ ಅಷ್ಟೂ ಒತ್ತಡವನ್ನು ಒಬ್ಬಳೇ ಹಿಂದಕ್ಕೆ ತಳ್ಳಬೇಕು. ಆದ್ದರಿಂದ ನೂರರಲ್ಲಿ 80 ಮಂದಿ ‘ತೃಪ್ತಿ’ ಎಂದರು ಎಂಬುದರಿಂದ ಆರೈಕೆಯ ಬಗ್ಗೆ ತಿಳಿಯುವುದು ಕಡಿಮೆ. ಉಳಿದ 20 ಮಂದಿಯ ಬಳಿ ಕೂತು ಏನಾಯಿತು ಎಂದು ಕೇಳಿದರೆ ತಿಳಿಯುವುದು ಬಹಳ. ಶೇಕಡಾ 80ರ ಗೆರೆ ದಾಟಿದ ಕೂಡಲೇ ಹಾಳೆ ಕಟ್ಟಿಡುವ ಆಸ್ಪತ್ರೆ, ಗಣಿ ಅಗೆದು ಅದಿರು ಎಸೆದು ಮಣ್ಣನ್ನು ಮನೆಗೆ ಹೊತ್ತೊಯ್ದಂತೆ.

ಬಸ್ಸಿನ ಮಾತನ್ನು ಕೇಳಿಸಿಕೊಳ್ಳಲು ಹೊಸ ವ್ಯವಸ್ಥೆಯನ್ನೂ ಕಟ್ಟಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹೆತ್ತವಳ ಮನೆಗೆ ಆಶಾ ಕಾರ್ಯಕರ್ತೆ ಶಿಶುವನ್ನು ನೋಡಲು 3, 7, 14, 21, 28 ಮತ್ತು 42ನೇ ದಿನ, ಒಟ್ಟು ಆರು ಸಲ ಹೋಗಬೇಕೆಂಬ ನಿಯಮ ಈಗಾಗಲೇ ಇದೆ. ಮಗುವಿನ ತೂಕ ಬರೆದುಕೊಳ್ಳುತ್ತಾರೆ, ಹೊಕ್ಕುಳು ನೋಡುತ್ತಾರೆ, ಹಾಲು ಸಾಲುತ್ತಿದೆಯೇ ಎಂದು ವಿಚಾರಿಸುತ್ತಾರೆ. ಆಶಾ ಕೂಡ ಇದೇ ವ್ಯವಸ್ಥೆಯ ಕೊಂಡಿ, ಊರಿನವರೇ. ಅವರೆದುರೂ ದಾಕ್ಷಿಣ್ಯ ಪೂರ್ತಿ ಕರಗುವುದಿಲ್ಲ. ಹಾಗಾಗಿ ಕೇಳುವ ಕೆಲಸ ಆಸ್ಪತ್ರೆಗೆ ಸೇರದ ಬೇರೆಯವರದಾದರೆ ಇನ್ನೂ ಮೇಲು. ಯಾರೇ ಕೇಳಲಿ, ಮಂಚದ ಅಂಚಿನಲ್ಲಿ ಡಿಸ್ಚಾರ್ಜ್ ಚೀಟಿಗೆ ಕಾದು ಕೂತವಳಿಗೂ, ತವರಿನ ನಡುಮನೆಯಲ್ಲಿ ಬಿಸಿನೀರು ಹುಯ್ಯಿಸಿಕೊಂಡು ಮಗುವನ್ನು ಮಲಗಿಸಿ ಕೂತವಳಿಗೂ ಅಂತರವಿದೆ. 42ನೇ ದಿನದ ಆ ಭೇಟಿಯಲ್ಲಿ ಮಗುವಿನ ತೂಕದ ಜೊತೆಗೆ ಇನ್ನೊಂದು ಹಾಳೆ ಇದ್ದು, ಅದರಲ್ಲಿ ‘ತೃಪ್ತಿಯಾಯಿತೇ?’ ಎಂಬುದು ಕೊನೆಯ ಪ್ರಶ್ನೆಯಾಗಿ, ‘ಒಳಪರೀಕ್ಷೆಗೆ ಮುಂಚೆ ನಿಮಗೆ ಹೇಳಿದರೇ?’ ಎಂಬುದು ಮೊದಲನೆಯದಾಗಿದ್ದರೆ, ಹೆರಿಗೆ ಕೋಣೆಯ ಸಾರಿಗೆ ಉಪ್ಪು ಎಷ್ಟು ಸಾಲದು ಎಂಬುದು ಅಡಿಗೆಯವರ ಕಿವಿಗೂ ಬಿದ್ದೀತು.